ಬನ್ನಿ ಎಂಬ ಎರಡಕ್ಷರ

ಗರಾಜು ಗುಡಿಸುವ ಕೆಲಸವನ್ನು ನಾನು ವರ್ಷಕ್ಕೊಂದೇ ಸಲ ಮಾಡುವುದು. ಅದೂ ಕೌನ್ಸಿಲ್‌ನವರು ಮನೆಮನೆಯ ಹಳೇ ಸಾಮಾನು ಹೊತ್ತೊಯ್ಯಲು ಲಾರಿ ಕಳಿಸುವ ವಾರ. ಮೊನ್ನೆ ಹಾಗೆ ಗುಡಿಸುವಾಗ ಮೂಲೆಯಲ್ಲಿ ಒಂದು ಶೂ ಡಬ್ಬ ಸಿಕ್ಕಿತು. ಮುಚ್ಚಳದ ತುಂಬ ತೂತು. ಒಂದು ಕಡಲೆಕಾಳಿನಷ್ಟು, ಇನ್ನೊಂದು ಹೆಬ್ಬೆಟ್ಟು ತೂರುವಷ್ಟು. ಸ್ಕ್ರೂಡ್ರೈವರ್ ಹಿಡಿದು ಅವನ್ನು ಕೊರೆದವಳು ನನ್ನ ಮಗಳು ಸಿರಿ. ಆಗ ಅವಳಿಗೆ ಆರು ವರ್ಷ. ಈಗ ನನ್ನನ್ನು ಕೇಳದೆ ನನ್ನ ಕಾರು ತೆಗೆದುಕೊಂಡು ಹೋಗುವಷ್ಟು ದೊಡ್ಡವಳಾಗಿದ್ದಾಳೆ.

“ಅದನ್ಯಾಕ ಹಿಡ್ಕೊಂಡು ಕೂತಿ? ಒಗಿ ಅತ್ಲಾಗ,” ಅಂದರು ನನ್ನ ಗಂಡ ಗಿರೀಶ.

“ಇರಲಿ ಬಿಡಿ.”

“ಏನದ ಅದರಾಗ?”

“ಏನೂ ಇಲ್ಲ.”

ಸುಳ್ಳೇನೂ ಹೇಳಲಿಲ್ಲ. ಆ ಡಬ್ಬದಲ್ಲಿ ಇರಬೇಕಾದದ್ದು ಯಾವತ್ತೂ ಇರಲಿಲ್ಲ. ಒಂದು ಮೊಲ ಇರಬೇಕಿತ್ತು, ಅಷ್ಟೆ. ಯಾಕೆ ಇರಲಿಲ್ಲ ಅಂತ ಹೇಳಬೇಕಾದರೆ ನಾನು ನಮ್ಮ ವೈನಿಯ ವಿಷಯ ಹೇಳಬೇಕು, ವೈನಿಯ ವಿಷಯ ಹೇಳಬೇಕಾದರೆ ನನ್ನ ಮದುವೆಯ ವಿಷಯ ಹೇಳಬೇಕು. ನಿಮಗೆ ಅವಸರವಿಲ್ಲ ಅಂದುಕೊಂಡು ಶುರು ಮಾಡುತ್ತೇನೆ.

ನಾನು ಮೈಸೂರಿನವಳು, ಗಿರೀಶ ಧಾರವಾಡದವರು. ಮದುವೆ ಗೊತ್ತಾದಾಗ ನಮ್ಮಮ್ಮ ನೆಂಟರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: ಭಾಷೆಯ ತೊಂದರೆ ಇಲ್ಲ, ಅವರೂ ಕನ್ನಡದವರೇ. ಪಾಪ, ಅಮ್ಮನಿಗೆ ಏನು ಗೊತ್ತು. ಗಂಡ ತಮಿಳಿನವನೋ ತೆಲುಗಿನವನೋ ಆಗಿದ್ದರೆ ಅರ್ಥವಾಗದ ಮಾತನ್ನು ಏನೆಂದು ಕೇಳಿ ತಿಳಿದುಕೊಳ್ಳುತ್ತಿದ್ದೆ. ಕನ್ನಡದವರಾದ್ದರಿಂದ ಎಲ್ಲ ಅರ್ಥವಾಗಿದೆ ಎಂದೇ ನಾನು ನಂಬಿಕೊಂಡೆ. ನಮ್ಮ ಮನೆಯ ಅರ್ಧ ಜಗಳಕ್ಕೆ ಆ ನಂಬಿಕೆಯೇ ಕಾರಣ.

ಗಿರೀಶರ ಅಣ್ಣ, ಅಂದರೆ ನನ್ನ ಭಾವ, ನಮಗಿಂತ ಮೊದಲೇ ಮೆಲ್ಬರ್ನ್ ಸೇರಿದ್ದರು. ಭಾವನ ಹೆಂಡತಿಯೇ ವೈನಿ. ಅಣ್ಣನ ಹೆಂಡತಿಯನ್ನು ಧಾರವಾಡದ ಕಡೆ ಹಾಗೆ ಕರೆಯುತ್ತಾರೆ. ನಮ್ಮ ಕಡೆಯ ಲೆಕ್ಕದಲ್ಲಿ ನನಗೆ ಓರಗಿತ್ತಿ, ಬಾಯಿತುಂಬ ಅಕ್ಕ ಅನ್ನಬೇಕು. ಗಂಡ ಕರೆಯುವುದನ್ನು ಕೇಳಿ ಕೇಳಿ ನನಗೂ ವೈನಿಯೇ ಆದರು. ಎರಡು ಸಾವಿರದ ಇಸವಿಯಲ್ಲಿ ನಾವು ಎರಡು ಸೂಟ್‌ಕೇಸು, ನನ್ನ ಐದು ತಿಂಗಳ ಹೊಟ್ಟೆ ಹೊತ್ತುಕೊಂಡು ಗ್ಲೆನ್ ವೇವರ್ಲಿಯ ಅವರ ಮನೆಗೆ ಬಂದಿಳಿದೆವು. ಮರುದಿನ ಬೆಳಿಗ್ಗೆ ಒಳ್ಳೆ ಸೊಸೆಯ ಹಾಗೆ ಬೇಗ ಎದ್ದು ಅಡಿಗೆಮನೆಗೆ ಹೋಗಿ, “ವೈನಿ, ತಿಂಡಿಗೆ ಏನು ಮಾಡ್ಲಿ?” ಅಂತ ಕೇಳಿದೆ.

ವೈನಿ ನನ್ನ ಮುಖವನ್ನೇ ನೋಡಿದರು. “ಎಲ್ಲೆವಾ? ಕೈಗೋ, ಬೆನ್ನಿಗೋ? ಹೊಟ್ಟಿ ಮ್ಯಾಲ ಇದ್ರ ಏನೂ ಹಚ್ಚಬ್ಯಾಡ, ಡಾಕ್ಟರನ್ನ ಕೇಳೂಣು.”

ಧಾರವಾಡದಲ್ಲಿ ತಿಂಡಿ ಅಂದರೆ ತುರಿಕೆ. ತಿನ್ನುವುದಕ್ಕೆ ನಾಷ್ಟಾ ಅನ್ನಬೇಕು. ನಾನು ಆ ಮನೆಯ ಮೊದಲ ಬೆಳಗನ್ನು ನನಗೆ ತುರಿಕೆಯಿದೆ ಎಂದು ಸಾರಿಕೊಂಡು ಆರಂಭಿಸಿದ್ದೆ. ವಿಷಯ ಗೊತ್ತಾದ ಮೇಲೆ ವೈನಿ ಕಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ತಿಂಗಳುಗಟ್ಟಲೆ ಉಪ್ಪಿಟ್ಟು ಬಡಿಸುವಾಗೆಲ್ಲ “ತಗೋ, ಇನ್ನಷ್ಟು ತಿಂಡಿ ತಗೋ” ಅನ್ನುತ್ತಿದ್ದರು.

ಅಮ್ಮನಿಗೆ ವೀಸಾ ಸಿಗುವುದು ತಡವಾಯಿತು. ಹಾಗಾಗಿ ನನ್ನ ಬಾಣಂತನ ಮಾಡಿದವರು ವೈನಿ. ಅವರಿಗೆ ಆಗ ಮೂವತ್ತಾರೋ ಮೂವತ್ತೇಳೋ ವಯಸ್ಸು, ಸ್ವಂತ ಮಕ್ಕಳಿಲ್ಲ, ಒಂದು ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಂದು, ಸ್ನಾನ ಮಾಡಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ನಾನು ಒಂದು ದಿನ ಏನೋ ನೆನೆದು ಅಳುತ್ತಿದ್ದಾಗ ತಲೆ ಮೇಲೆ ಮೊಟಕಿ, “ಏ ಹುಚ್ಚ ಖೋಡಿ, ಬಾಣಂತಿ ಅತ್ರ ಕೂಸಿಗೆ ಹಾಲು ಹೆಂಗ ಬರ್ಬೇಕು? ನಾ ಅದೀನಲ್ಲ,” ಅಂದರು. ಹುಚ್ಚ ಖೋಡಿ ಅನ್ನಿಸಿಕೊಂಡು ನನಗೆ ಇನ್ನಷ್ಟು ಅಳು ಬಂತು. ಅದು ಅವರ ಕಡೆ ಮುದ್ದಿನ ಬೈಗುಳ ಎಂದು ಗಿರೀಶ ಸಮಜಾಯಿಷಿ ಕೊಟ್ಟರು. ನನಗೆ ಗೊತ್ತಾಯಿತು, ಆದರೆ ಗೊತ್ತಾಗುವುದು ಬೇರೆ, ಕಿವಿ ಒಪ್ಪುವುದು ಬೇರೆ.

ಸಿರಿಗೆ ಎರಡು ವರ್ಷವಾದಾಗ ಗಿರೀಶರಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ನಾವು ರೌಸ್ ಹಿಲ್‌ನಲ್ಲಿ ಒಂದು ರೆಂಟ್ ಮನೆ ಹಿಡಿದೆವು. ಪಕ್ಕದ ಮನೆಯಲ್ಲಿ ಪೀಟರ್ ಮತ್ತು ಡೊನ್ನಾ ಎಂಬ ದಂಪತಿ. ಆತ ಇಂಗ್ಲೆಂಡಿನವನು, ಆಕೆ ಅಮೆರಿಕದವಳು. ನಮ್ಮಮ್ಮನ ಮಾತಿನಲ್ಲಿ ಹೇಳುವುದಾದರೆ ಅವರಿಗೂ ಭಾಷೆಯ ತೊಂದರೆ ಇರಲಿಲ್ಲ. ಒಂದು ಕ್ರಿಸ್‌ಮಸ್ಸಿಗೆ ಡೊನ್ನಾ ಬಿಸ್ಕೆಟ್ ಮಾಡಿದ್ದೇನೆ ಬನ್ನಿ ಎಂದು ಕರೆದಳು. ಪೀಟರ್ ಖುಷಿಯಾಗಿ ಟೀ ಸೋಸಿಕೊಂಡು ಕಾದ. ಅವಳ ಊರಿನ ಬಿಸ್ಕೆಟ್ ಅಂದರೆ ಮೆತ್ತಗಿನ ಉಪ್ಪು ಬನ್ನು, ಅದರ ಮೇಲೆ ಸಾರು ಸುರಿದು ತಿನ್ನಬೇಕಂತೆ. ಆತ ಅದನ್ನು ಟೀಗೆ ಅದ್ದಿದ, ಅದು ಕಪ್ಪಿನೊಳಗೇ ಕರಗಿ ಕೂತಿತು. ಅವಳು ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂದು ಕೋಳಿ ಬೇಯಿಸಿದರೆ ಆತ ಯಾರಿಗೆ ಥ್ಯಾಂಕ್ಸ್, ಯಾಕೆ ಥ್ಯಾಂಕ್ಸ್ ಎಂದು ಪ್ರತಿ ವರ್ಷ ಕೇಳುತ್ತಿದ್ದ. ಬೇಲಿಯ ಈಚೆ ನಿಂತು ನಾನು ಇವರನ್ನು ನೋಡಿ ನಗುತ್ತಿದ್ದೆ. ನಮ್ಮ ಮನೆಯೊಳಗಿನದನ್ನು ಅವರು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವಂತಿರಲಿಲ್ಲವಲ್ಲ, ಆ ಧೈರ್ಯ.

ಡೊನ್ನಾ ಒಂದು ಈಸ್ಟರ್ ಹಬ್ಬಕ್ಕೆ ತನ್ನ ಹಿತ್ತಲಿನ ಪೊದೆಗಳಲ್ಲಿ ಚಾಕೊಲೇಟ್ ಮೊಲಗಳನ್ನು ಬಚ್ಚಿಟ್ಟು ಸಿರಿಯನ್ನು ಹುಡುಕಲು ಬಿಟ್ಟಳು. ಬಂಗಾರದ ಬಣ್ಣದ ಹಾಳೆ ಸುತ್ತಿದ ಮೊಲಗಳು. ಈಸ್ಟರ್ ಬನ್ನಿ ಅಂತ ಅವಕ್ಕೆ ಹೆಸರು. ಅಲ್ಲಿಂದ ಸಿರಿಗೆ ಮೊಲದ ಹುಚ್ಚು ಹಿಡಿಯಿತು. ನಿಜವಾದ ಮೊಲ ಬೇಕು ಅಂತ ದಿನಾ ರಾಗ. ರೆಂಟ್ ಮನೆಯಲ್ಲಿ ಪ್ರಾಣಿ ಸಾಕುವಂತಿಲ್ಲ, ಏಜೆಂಟ್ ಬೈತಾನೆ ಅಂತ ನನ್ನ ಪ್ರತಿರಾಗ. ಯಾರೇ ಏನೇ ಕೇಳಿದರೂ ಸಿರಿಯ ಉತ್ತರ ಇಂಗ್ಲಿಷಿನಲ್ಲೇ, ಆದರೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಅಥವಾ ಹಾಗೆಂದು ನಾವು ಹೆಮ್ಮೆಪಡುತ್ತಿದ್ದೆವು.

ಆ ವರ್ಷದ ದಸರಾ ಶಾಲೆಯ ರಜೆಯಲ್ಲೇ ಬಂತು. ವೈನಿ ಫೋನ್ ಮಾಡಿ ಎಲ್ಲರೂ ಬರ್ರಿ ಅಂದರು. ಧಾರವಾಡದವರು ಬರ್ರಿ ಅನ್ನುತ್ತಾರೆಯೇ ಹೊರತು ನಮ್ಮ ಹಾಗೆ ಬನ್ನಿ ಅನ್ನುವುದಿಲ್ಲ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಮೇಲೆ ಫೋನು ಸಿರಿಯ ಕೈಗೆ ಹೋಯಿತು. ಅವಳು ಎರಡು ನಿಮಿಷ ಕೇಳಿಸಿಕೊಂಡು, ಫೋನಿಟ್ಟು, ಕಣ್ಣರಳಿಸಿ ಅಡಿಗೆಮನೆಗೆ ಓಡಿ ಬಂದಳು.

“ಅಮ್ಮಾ, ದೊಡ್ಡಮ್ಮ ಈಸ್ ಗಿವಿಂಗ್ ಮಿ ಅ ಗೋಲ್ಡ್ ಬನ್ನಿ.”

“ಚಾಕೊಲೇಟಾ?”

“ನೋ, ರಿಯಲ್.”

ನನಗೆ ರೇಗಿತು. ನನ್ನನ್ನು ಒಂದು ಮಾತು ಕೇಳದೆ ಮಗುವಿಗೆ ಮೊಲ ಕೊಡುತ್ತೇನೆ ಅಂದರೆ ಏನರ್ಥ? ಹತ್ತು ಗಂಟೆ ಕಾರಿನಲ್ಲಿ ಅದನ್ನು ತರುವವರು ಯಾರು, ಏಜೆಂಟಿಗೆ ಉತ್ತರ ಹೇಳುವವರು ಯಾರು? ಮಕ್ಕಳಿಲ್ಲದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂದೂ ಅಂದುಕೊಂಡೆ. ಹೌದು, ಅಂದುಕೊಂಡೆ. ನನ್ನ ಮಗುವಿಗೆ ಮೊದಲ ನೀರು ಹಾಕಿದ ಕೈಯ ಬಗ್ಗೆ ನಾನು ಹಾಗೆ ಅಂದುಕೊಂಡೆ. ಇವತ್ತು ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಒಂದು ಫೋನ್ ಮಾಡಿ ಏನು ವೈನಿ, ಮೊಲವಾ ಅಂತ ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಕೇಳಲಿಲ್ಲ. ಅಲ್ಲಿಗೆ ಹೋದ ಮೇಲೆ ಎದುರಿಗೇ ಬೇಡ ಅಂದುಬಿಡೋಣ ಎಂದು ಮಾತು ಹೊಂದಿಸಿಕೊಳ್ಳತೊಡಗಿದೆ.

ಸಿರಿ ಶೂ ಡಬ್ಬಕ್ಕೆ ತೂತು ಕೊರೆದದ್ದು ಆಗ, ಮೊಲ ಉಸಿರಾಡಬೇಕಲ್ಲ. ಒಳಗೆ ನನ್ನದೊಂದು ಹಳೆಯ ಚೂಡಿದಾರದ ದುಪ್ಪಟ್ಟಾ ಹಾಸಿ ಎರಡು ಕ್ಯಾರೆಟ್ ಇಟ್ಟಳು. ದಾರಿಯುದ್ದಕ್ಕೂ ಡಬ್ಬ ತೊಡೆಯ ಮೇಲೆ. ಆಲ್ಬರಿಯಲ್ಲಿ ಊಟಕ್ಕೆ ನಿಂತಾಗ ಒಂದು ಕ್ಯಾರೆಟನ್ನು ಅವಳೇ ತಿಂದು, ಆಮೇಲೆ ಮೊಲಕ್ಕೆ ಕಡಿಮೆಯಾಯಿತಲ್ಲ ಎಂದು ಅತ್ತಳು. ಗಿರೀಶ ಡ್ರೈವಿಂಗಿನ ನಡುವೆ, “ಯಾವ ಮೊಲ?” ಅಂತ ಒಂದು ಸಲ ಕೇಳಿದರು. ನಾನು, “ನಿಮ್ಮ ವೈನಿಯನ್ನೇ ಕೇಳಿ,” ಅಂದೆ. ನನ್ನ ದನಿ ಕೇಳಿ ಅವರು ರೇಡಿಯೋ ಜೋರು ಮಾಡಿಕೊಂಡರು.

ಈಗ ನಿಮಗೆ ಬನ್ನಿಯ ವಿಷಯ ಹೇಳಬೇಕು. ಬಲ್ಲವರು ಆಗಲೇ ಊಹಿಸಿ ನಗುತ್ತಿರಬಹುದು. ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದಲ್ಲಿ ಬನ್ನಿ ಮರದ ಎಲೆ ಮುರಿದು ತಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಆ ಎಲೆಯೇ ಅವತ್ತಿಗೆ ಬಂಗಾರ. ಕಿರಿಯರು ಹಿರಿಯರ ಕಾಲು ಮುಟ್ಟಿ, ಬನ್ನಿ ತಗೊಂಡು ಬಂಗಾರಧಂಗ ಇರೂಣು ಅನ್ನುತ್ತಾರೆ. ವರ್ಷದ ಮನಸ್ತಾಪವೆಲ್ಲ ಅಲ್ಲಿಗೆ ಮುಗಿಯಿತು ಎಂದು ಲೆಕ್ಕ. ಮೈಸೂರಿನವಳಾದ ನನಗೆ ಇದು ಗೊತ್ತಿರಲಿಲ್ಲ ಅಂದರೆ ನೀವು ನಂಬಲಾರಿರಿ, ಯಾಕೆಂದರೆ ದಸರಾ ಮೆರವಣಿಗೆ ಹೋಗಿ ಮುಟ್ಟುವುದೇ ಬನ್ನಿಮಂಟಪಕ್ಕೆ. ಆದರೆ ನನ್ನ ಪಾಲಿಗೆ ಬನ್ನಿಮಂಟಪ ಎಂಬುದು ನಮ್ಮ ಸೋದರತ್ತೆ ಮನೆಗೆ ಹೋಗುವ ಸಿಟಿ ಬಸ್ಸಿನ ಬೋರ್ಡು. ಅಲ್ಲೊಂದು ಮರವಿದೆ, ಅದಕ್ಕೆ ಅರಮನೆಯವರು ಪೂಜೆ ಮಾಡುತ್ತಾರೆ ಎಂದು ಗೊತ್ತಿತ್ತು. ಅದರ ಎಲೆಯನ್ನು ಜನ ಕೈಯಿಂದ ಕೈಗೆ ಕೊಡುತ್ತಾರೆ, ಅದರಿಂದ ಮನುಷ್ಯರ ನಡುವೆ ಏನೋ ಸರಿಹೋಗುತ್ತದೆ ಎಂದು ಗೊತ್ತಿರಲಿಲ್ಲ. ನಮ್ಮದು ಗೊಂಬೆ ಕೂರಿಸುವ ದಸರಾ. ದಸರಾ ಅಂದರೆ ನಮ್ಮೂರಿನದು, ಬೇರೆಯವರು ನಮ್ಮನ್ನು ನೋಡಿ ಮಾಡುತ್ತಾರೆ ಎಂಬ ಕೊಬ್ಬು ಬೇರೆ ಇತ್ತು.

ಮದುವೆಯಾದ ಮೇಲೂ ಧಾರವಾಡದ ಒಂದು ದಸರಾವನ್ನೂ ನಾನು ನೋಡಿರಲಿಲ್ಲ. ವೈನಿಯ ಮನೆಯಲ್ಲಿದ್ದ ವರ್ಷ ಆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯಲ್ಲಿದ್ದೆ. ಮುಂದಿನ ವರ್ಷ ಅವರ ಕಡೆ ಸೂತಕ. ಆಮೇಲೆ ಸಿಡ್ನಿ, ಅಲ್ಲಿ ನನ್ನ ಒಂಬತ್ತು ಗೊಂಬೆ, ಮುಗಿಯಿತು.

ಮೆಲ್ಬರ್ನಿನಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು. ವೈನಿಯ ಹಿತ್ತಲ ಬೇಲಿಗೆ ಒರಗಿಕೊಂಡು ಒಂದು ವಾಟಲ್ ಗಿಡವಿತ್ತು, ಇಲ್ಲಿಯದೇ ಗಿಡ. ಎಲೆ ಹುಣಸೆ ಎಲೆಯಂತೆ ಸಣ್ಣಸಣ್ಣದು, ಮಬ್ಬು ಬೆಳ್ಳಿಯ ಬಣ್ಣ. ಬನ್ನಿಗೂ ಇದಕ್ಕೂ ಮುಖ ಹೋಲುತ್ತದೆ ಎಂದು ವೈನಿ ಅದನ್ನೇ ಬನ್ನಿ ಮಾಡಿಕೊಂಡಿದ್ದರು. ಆ ಸಂಜೆ ಸ್ನಾನ ಮಾಡಿ, ಇಳಕಲ್ಲ ಸೀರೆ ಉಟ್ಟು, ಬೆಳ್ಳಿ ತಟ್ಟೆಯ ತುಂಬ ಆ ಎಲೆ ಬಿಡಿಸಿಟ್ಟುಕೊಂಡು ಹಾಲಿನಲ್ಲಿ ನಿಂತಿದ್ದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ನಾಲ್ಕೈದು ಕುಟುಂಬಗಳು ಬಂದಿದ್ದವು. ಎಲ್ಲರಿಗಿಂತ ಮೊದಲು ವೈನಿ ಕರೆದದ್ದು ಸಿರಿಯನ್ನು.

“ಬಾ ನನ್ನ ಬಂಗಾರಿ. ನಿನಗಂತ ತಗದಿಟ್ಟೀನಿ. ಬನ್ನಿ ತಗೋ.”

ಸಿರಿ ಡಬ್ಬದ ಮುಚ್ಚಳ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ವೈನಿ ನಗುತ್ತ ಒಂದು ಹಿಡಿ ಎಲೆಯನ್ನು ಅದರೊಳಗೆ ಹಾಕಿದರು. ಸಿರಿ ಒಳಗೆ ನೋಡಿದಳು. ಎಲೆ ಸರಿಸಿ ಕೆಳಗೆ ನೋಡಿದಳು. ಆಮೇಲೆ ವೈನಿಯ ಹಿಂದೆ ಬಗ್ಗಿ ನೋಡಿದಳು.

“ವೇರ್ ಈಸ್ ದ ಬನ್ನಿ?”

“ಇದ ಅಲ್ಲೇನವಾ ಬನ್ನಿ.”

ಮೊದಲು ಅರ್ಥವಾದದ್ದು ಭಾವನಿಗೆ. “ಅಯ್ಯ ಇದರ, ಕೂಸು ಮೊಲ ಅಂತ ತಿಳದದ,” ಅಂದರು. ಹಾಲಿಗೆ ಹಾಲೇ ನಕ್ಕಿತು. ಕೆಟ್ಟ ನಗುವಲ್ಲ ಅದು, ನಾನೂ ಆ ಗುಂಪಿನಲ್ಲಿದ್ದಿದ್ದರೆ ನಗುತ್ತಿದ್ದೆ. ಆದರೆ ಸಿರಿ ಡಬ್ಬ ಎತ್ತಿ ನೆಲಕ್ಕೆಸೆದಳು. ಎಲೆಯೆಲ್ಲ ಕಾರ್ಪೆಟ್ಟಿನ ಮೇಲೆ ಚೆಲ್ಲಾಪಿಲ್ಲಿಯಾಯಿತು. ವೈನಿ ನಗುತ್ತಲೇ, “ಏ ಹುಚ್ಚ ಖೋಡಿ, ಬಂಗಾರ ಯಾರರೆ ಹಿಂಗ ಒಗೀತಾರೇನು?” ಅಂದರು.

ಅಷ್ಟೇ ಸಾಕಾಯಿತು ನನಗೆ. ನಾನು ಹೊಂದಿಸಿಟ್ಟುಕೊಂಡಿದ್ದ ಮಾತು ಮೊಲದ ಮೇಲಿನದು, ಮೊಲವೇ ಇರಲಿಲ್ಲ, ಆದರೂ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು.

“ಮಗೂನ ಹುಚ್ಚಿ ಅನ್ನಬೇಡಿ ವೈನಿ. ಹತ್ತು ಗಂಟೆ ಕೂತು ಬಂದಿದೆ ಅದು. ಈ ಕಸ ಕೊಡೋದಕ್ಕೆ ಅಷ್ಟು ದೂರದಿಂದ ಕರೆಸಬೇಕಿತ್ತಾ?”

ಕಸ ಅಂದೆ. ಮೈಸೂರಿನಲ್ಲೂ ಧಾರವಾಡದಲ್ಲೂ ಒಂದೇ ಅರ್ಥವಿರುವ ಮಾತು ನನ್ನ ಬಾಯಿಗೆ ಸಿಕ್ಕಿದ್ದು ಆಗ. ವೈನಿ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು, ಮೊಣಕಾಲೂರಿ ಕೂತು, ಕಾರ್ಪೆಟ್ಟಿನ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಂಡರು. ಹೆಕ್ಕುವುದು ಬಹಳ ಹೊತ್ತು ಹಿಡಿಯಿತು, ಎಲೆ ಸಣ್ಣವಲ್ಲವೆ. ನಾನು ನಿಂತೇ ಇದ್ದೆ.

ಎರಡು ದಿನ ಇರಬೇಕಾದವರು ಮರುದಿನವೇ ಹೊರಟೆವು. ಗಿರೀಶ ದಾರಿಯಲ್ಲಿ ಬನ್ನಿ ಎಂದರೇನು ಎಂದು ವಿವರಿಸಿದರು. ಬೈಯಲಿಲ್ಲ. ಕೊನೆಗೆ ಇಷ್ಟೇ ಅಂದರು: “ಜಗಳ ಮುಗಸ್ಲಿಕ್ಕೆ ಕೊಡೂದು ಅದು. ನೀ ಅದರ ಮ್ಯಾಲೇ ಜಗಳಾ ತಗದಿ.”

ಫೋನ್ ಮಾಡಬೇಕು ಅಂದುಕೊಂಡೆ. ಈ ದೇಶಕ್ಕೆ ಬಂದ ಮೇಲೆ ನಾನು ಸಾರಿ ಹೇಳುವುದನ್ನು ಎಷ್ಟು ಕಲಿತಿದ್ದೆ ಅಂದರೆ ಅಂಗಡಿಯಲ್ಲಿ ಯಾರೋ ನನ್ನ ಕಾಲು ತುಳಿದರೂ ನಾನೇ ಸಾರಿ ಅನ್ನುತ್ತಿದ್ದೆ. ತಳ್ಳುಗಾಡಿಗೆ ಸಾರಿ, ಬಾಗಿಲಿಗೆ ಸಾರಿ. ಆದರೆ ವೈನಿಗೆ ಇಂಗ್ಲಿಷಿನ ಸಾರಿ ಹೇಳಿದರೆ ಕಾಲು ತುಳಿದಷ್ಟೇ ಆಗುತ್ತದೆ. ಕ್ಷಮಿಸಿ ಅನ್ನುವುದು ಆಕಾಶವಾಣಿಯ ಮಾತು. ಉಳಿದದ್ದು ತಪ್ಪಾಯ್ತು ಎಂಬ ಒಂದೇ ಮಾತು, ಅದು ಗಂಟಲಿನಿಂದ ಹೊರಡಲಿಲ್ಲ. ದೀಪಾವಳಿಗೆ ಮಾಡೋಣ ಅಂದೆ, ಸಂಕ್ರಾಂತಿಗೆ ಮಾಡೋಣ ಅಂದೆ. ಅಣ್ಣತಮ್ಮಂದಿರು ಮಾತಾಡಿಕೊಳ್ಳುತ್ತಿದ್ದರು. ಫೋನು ನನ್ನ ಕೈಗೆ ಬಂದರೆ ವೈನಿ ಸ್ನಾನಕ್ಕೆ ಹೋಗಿರುತ್ತಿದ್ದರು, ಅವರ ಕೈಗೆ ಹೋದರೆ ನಾನು ಒಗ್ಗರಣೆಗೆ ಇಟ್ಟಿರುತ್ತಿದ್ದೆ.

ಹೀಗೇ ವರ್ಷ ತಿರುಗಿತು. ಮುಂದಿನ ದಸರಾ ಭಾನುವಾರ ಬಂದಿತ್ತು. ಅದಕ್ಕೆ ಒಂದು ವಾರ ಮೊದಲು ಮಧ್ಯಾಹ್ನ ಆಫೀಸಿನಲ್ಲಿ ನನ್ನ ಮೊಬೈಲಿಗೆ ಒಂದು ಮೆಸೇಜು ಬಂತು, ವೈನಿಯದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. “ದಸರಾ ಬನ್ನಿ. ಸಿರಿಗೂ ಹೇಳು.”

ನಾಲ್ಕೇ ನಾಲ್ಕು ಪದ. ಓದಿದೊಡನೆ ನನ್ನ ಕಿವಿಯವರೆಗೂ ರಕ್ತ ಏರಿತು. ಒಂದು ವರ್ಷದಿಂದ ನನ್ನ ತಲೆಯಲ್ಲಿ ಬನ್ನಿ ಎಂಬ ಪದಕ್ಕೆ ಬೇರೆ ಅರ್ಥವೇ ಉಳಿದಿರಲಿಲ್ಲ. ಬನ್ನಿ ಅಂದರೆ ಆ ಎಲೆ, ಆ ಕಾರ್ಪೆಟ್ಟು, ಆ ಸೆರಗು. ದಸರಾ ಬನ್ನಿ ಕಾಯುತ್ತಾ ಇದೆ, ನಿನ್ನ ಮಗಳಿಗೂ ಹೇಳು, ಈ ಸಲ ಮೊಲ ಅಂದುಕೊಂಡು ಬರಬೇಡಿ ಎಂದು ಚುಚ್ಚುತ್ತಿದ್ದಾರೆ ಎಂದೇ ತಿಳಿದೆ. ಒಂದು ವರ್ಷ ಕಾದು ಸರಿಯಾಗಿ ದಸರಾಕ್ಕೆ ಚುಚ್ಚುತ್ತಾರಲ್ಲ ಅಂದುಕೊಂಡೆ. ಮೀಟಿಂಗಿಗೆ ಹೊತ್ತಾಗಿತ್ತು. ನಿಂತುಕೊಂಡೇ ಉತ್ತರ ಒತ್ತಿದೆ: “ನಮಗೆ ಬೇಡ.”

ಗಿರೀಶರಿಗೆ ತೋರಿಸಲಿಲ್ಲ. ತೋರಿಸಿದ್ದರೆ ಆ ಧಾರವಾಡದ ಮನುಷ್ಯ ಅರ್ಧ ನಿಮಿಷದಲ್ಲಿ ಬಿಡಿಸಿ ಹೇಳುತ್ತಿದ್ದರೇನೋ. ಈ ಸಲ ದಸರಾಕ್ಕೆ ಹೋಗೂಣೇನು ಎಂದು ಅವರು ಕೇಳಿದಾಗ ನನಗೆ ಆಫೀಸಿನಲ್ಲಿ ವಿಪರೀತ ಕೆಲಸ ಅಂದೆ. ಅದು ಸುಳ್ಳು. ಗೊಂಬೆ ಇಳಿಸಿ ಕಟ್ಟುವಾಗ ಕೂಡ ನಾನೇ ಸರಿ ಎಂದು ನನಗೆ ನಾನೇ ವಾದ ಹೇಳಿಕೊಳ್ಳುತ್ತಿದ್ದೆ.

ಇನ್ನೆರಡು ವರ್ಷ ಹೋಯಿತು. ಕ್ರಿಸ್‌ಮಸ್ ರಜೆಗೆ ಈ ಸಲ ಯಾರು ಏನೇ ಅಂದರೂ ಮೆಲ್ಬರ್ನ್ ಎಂದು ಗಿರೀಶ ಹಟ ಹಿಡಿದರು. ಹೋದೆವು. ವೈನಿ ಬಾಗಿಲಲ್ಲೇ ಸಿರಿಯನ್ನು ಅಪ್ಪಿಕೊಂಡರು, ನನ್ನ ಕೈಯಿಂದ ಬ್ಯಾಗು ಇಸಿದುಕೊಂಡರು, ಎಲ್ಲ ಚೆನ್ನಾಗಿಯೇ ಇತ್ತು. ನನಗೆ ಎದೆ ಹಗುರಾಯಿತು. ಅಬ್ಬ, ಮರೆತಿದ್ದಾರೆ ಅಂದುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ವೈನಿ ಒಳಗೆ ಪಾತ್ರೆ ಎತ್ತಿಡುತ್ತಿದ್ದರು. ವಾಟಲ್ ಗಿಡದ ಬುಡದಲ್ಲಿ ಮರದ ಹಲಗೆಯಿಂದ ಮಾಡಿದ, ತಂತಿ ಬಲೆಯ ಒಂದು ಗೂಡಿತ್ತು. ಖಾಲಿ. ಸಿರಿ ಅದರೊಳಗೆ ಬಗ್ಗಿ ನೋಡಿ, “ಹೂಸ್ ಈಸ್ ದಿಸ್, ದೊಡ್ಡಪ್ಪ?” ಅಂದಳು.

“ನಿಂದ ಅವಾ ಅದು,” ಅಂದರು ಭಾವ.

ನಾವು ಮೂವರೂ ಅವರತ್ತ ನೋಡಿದೆವು. ಭಾವ ಹಲ್ಲುಕಡ್ಡಿ ಬದಿಗಿಟ್ಟು ಹೇಳತೊಡಗಿದರು. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ.

“ಆ ವರ್ಷ ನೀವೆಲ್ಲಾ ಸಿಟ್ಟಾಗಿ ಹೋದ್ರಲ್ಲ, ಅದರ ಮುಂದಿನ ದಸರಾಕ್ಕ ನಮ್ಮಾಕಿ ಮೊಲ ತಂದಿದ್ಲು. ಜೀವಂತ ಮೊಲ, ಬಂಗಾರದ ಬಣ್ಣದ್ದು. ಅದ ಬಣ್ಣದ್ದ ಬೇಕಂತ ಎರಡು ತಿಂಗಳು ಹುಡುಕ್ಯಾಳ. ಗೂಡು ನಾ ಮಾಡಿದೆ. ಸಿರಿ ಇಲ್ಲೆ ಬಂದಾಗ ಆಡ್ಲಿ, ನಿಮ್ಮ ರೆಂಟ್ ಮನ್ಯಾಗ ನಡ್ಯೂದಿಲ್ಲಲ್ಲ, ಇಲ್ಲೇ ಸಾಕೂಣು ಅಂದ್ಲು.”

“ನಮಗೆ ಹೇಳಲೇ ಇಲ್ಲವಲ್ಲ ಭಾವ,” ಅಂದೆ.

“ಹೇಳಿದ್ಲಲ್ಲ. ಮೆಸೇಜ್ ಕಳಿಸಿದ್ಲು. ನನ್ನ ಕೇಳಿದ್ಲು, ಮೈಸೂರಿನವರು ಬರ್ರಿ ಅನ್ನಲಿಕ್ಕೆ ಏನಂತಾರ್ರೀ ಅಂತ. ಬನ್ನಿ ಅಂತಾರ ಅಂದೆ. ಅವರ ಭಾಷಾದಾಗ ಕರದ್ರ ಸಿಟ್ಟು ಇಳದೀತು ಅಂತ ಹಂಗ ಬರದ್ಲು. ದಸರಾಕ್ಕೆ ಅಂತ ಬರೀಬೇಕಿತ್ತು, ಆ ಫೋನಿನ್ಯಾಗ ಒಂದಕ್ಷರಕ್ಕ ಮೂರು ಸಲ ಒತ್ತಬೇಕು, ‘ಕ್ಕೆ’ ಬಿಟ್ಟು ಕಳಿಸಿದ್ಲು. ನಿಮ್ಮಿಂದ ಬ್ಯಾಡ ಅಂತ ಬಂತು. ಆತು, ಮುಗೀತು.”

ಗಿರೀಶ ನನ್ನ ಕಡೆ ತಿರುಗಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

“ಮೊಲ ಏನಾಯಿತು?” ಅಂತ ಸಿರಿ ಕನ್ನಡದಲ್ಲೇ ಕೇಳಿದಳು. ಅವಳು ಆ ಪ್ರಶ್ನೆಯನ್ನು ಕನ್ನಡದಲ್ಲಿ ಯಾಕೆ ಕೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ.

“ಹೋದ ಚಳಿಗಾಲದಾಗ ಹೋತವಾ. ಎರಡು ವರ್ಷ ನಿಮ್ಮ ದೊಡ್ಡಮ್ಮ ದಿನಾ ಕೊತ್ತಂಬರಿ ಹಾಕಿ ಸಾಕಿದ್ಲು. ಆಕಿಗೆ ನಾಯಿ ಬೆಕ್ಕು ಮುಟ್ಟಿದ್ರ ಮೈ ಜುಮ್ಮಂತಿತ್ತು, ನಿಮಗ ಗೊತ್ತಲ್ಲ. ಇದನ್ನ ಮಾತ್ರ ತೊಡಿ ಮ್ಯಾಲ ಕೂಡಿಸ್ಕೊಂಡು ಟಿ.ವಿ. ನೋಡ್ತಿದ್ಲು.”

ನಾನು ಎದ್ದು ಒಳಗೆ ಹೋದೆ. ವೈನಿ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದರು. ನಾನು ಹಿಂದಿನಿಂದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮೆಸೇಜನ್ನು ಹೇಗೆ ಓದಿಕೊಂಡೆ, ಯಾವ ಬನ್ನಿ ಅಂದುಕೊಂಡೆ, ಬೇಡ ಅಂದದ್ದು ಎಲೆಗೆ, ನಿಮಗಲ್ಲ, ನಿಮ್ಮ ಮನೆಗಲ್ಲ. ಅದಕ್ಕೂ ಹಿಂದೆ ಕಸ ಅಂದದ್ದು, ಆವತ್ತಿನಿಂದ ಫೋನ್ ಮಾಡದೆ ಇದ್ದದ್ದು. ತಪ್ಪಾಯ್ತು ವೈನಿ ಅಂದೆ. ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಎಷ್ಟು ಸಲೀಸಾಗಿ ಬಂತು ಅಂದರೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ವೈನಿ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ತಿರುಗಿದರು. ಅವರು ಬೈಯಬೇಕು ಎಂದು ನಾನು ಆಸೆಪಟ್ಟು ನಿಂತಿದ್ದೆ. ತಲೆಯ ಮೇಲೆ ಒಂದು ಮೊಟಕಲಿ, ಕಟ್ಟೆ ಹಿಡಿದುಕೊಂಡು ನಗಲಿ, ಇಲ್ಲ ಅಳಲಿ. ಅವರು ಮೆಲ್ಲಗೆ ನಕ್ಕರು. ನೆಂಟರಿಗೆ ನಗುವ ಹಾಗೆ.

“ಆತು ಬಿಡ್ರಿ. ಅದನ್ನ್ಯಾಕ ಮನಸ್ಸಿಗೆ ಹಚ್ಗೋತೀರಿ? ನೀವು ಹೊರಗ ಆರಾಮ ಕೂಡ್ರಿ, ನಾ ಚಾ ತರ್ತೀನಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬಿಡ್ರಿ, ಕೂಡ್ರಿ, ನೀವು. ಮದುವೆಯಾದ ವಾರದಿಂದ ನನಗೆ ಬಾ, ತಗೋ, ತಿನ್ನು ಎಂದೇ ಅಂದವರು, ನನ್ನ ಬಾಣಂತನ ಮಾಡಿದವರು, ನನಗೆ ನೀವು ಅಂದಿದ್ದರು. ಮರೆತು ಅಂದದ್ದಲ್ಲ. ಬೆಳಿಗ್ಗೆ ಬಾಗಿಲಲ್ಲಿ ಬ್ಯಾಗು ಇಸಿದುಕೊಳ್ಳುವಾಗಲೂ ಕೊಡ್ರಿ ಇಲ್ಲೆ ಅಂದಿದ್ದರು, ನಾನು ಗಮನಿಸಿರಲಿಲ್ಲ. ನಾನು ಹೊರಗೆ ಹೋಗಿ ಆರಾಮ ಕೂತೆ. ಚಾ ಬಂತು.

ಇವತ್ತಿಗೂ ವೈನಿ ನಮ್ಮ ಮನೆಗೆ ಬರುತ್ತಾರೆ, ನಾವೂ ಹೋಗುತ್ತೇವೆ. ಹಬ್ಬ ತಪ್ಪದೆ ಫೋನ್ ಮಾಡಿ ಎಲ್ಲಾರೂ ಆರಾಮಿದ್ದೀರೇನ್ರಿ ಎಂದು ಕೇಳುತ್ತಾರೆ. ಸಿರಿಗೆ ಈಗಲೂ ಏ ಹುಚ್ಚ ಖೋಡಿ ಅನ್ನುತ್ತಾರೆ, ಅವಳು ಅವರ ಮಡಿಲಲ್ಲಿ ತಲೆಯಿಟ್ಟು ಮಲಗುತ್ತಾಳೆ. ಹೋದ ಸಲ ವೈನಿ ಬಂದಿದ್ದಾಗ ನನ್ನ ಬೆಂಗಳೂರಿನ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ಹೊರಡುವಾಗ ಕಾರಿನ ಹತ್ತಿರ ನಿಂತು ನನ್ನ ಕೈ ಹಿಡಿದುಕೊಂಡಳು.

“ನಿಮ್ ಓರಗಿತ್ತಿ ನಿಂಗೆ ಎಷ್ಟು ಮರ್ಯಾದೆ ಕೊಟ್ಟು ಮಾತಾಡ್ತಾರೆ ಕಣೆ. ವಯಸ್ಸಲ್ಲಿ ಅಷ್ಟು ದೊಡ್ಡವರು. ನೀನು ಪುಣ್ಯ ಮಾಡಿದ್ದೆ.”

ಹೌದು ಅಂದೆ.